ನಮ್ಮೂರ ಗುಡ್ಡದಲ್ಲಿ ಟೆಂಟ್‌ಗೆ ಜಾಗ ಇದೆಯಾ?

‘ನಿಮ್ಮೂರ ಸುತ್ತ ಬರೀ ಹುಲ್ಲುಗುಡ್ಡ ಅಂತೀಯ. ಎರಡು ಟೆಂಟ್ ಹಾಕೋಕೆ ಜಾಗ ಇಲ್ವಾ ಮಗಾ?’

ಐದನೇ ಸೆಮಿಸ್ಟರ್‌ನ ಕೊನೆಯ ಪರೀಕ್ಷೆ ಮುಗಿದ ಮಧ್ಯಾಹ್ನ ಹಾಸ್ಟೆಲ್ ಮೆಸ್‌ನಲ್ಲಿ ಈ ಪ್ರಶ್ನೆ ಬಿತ್ತು. ಕೇಳಿದವನು ತುಮಕೂರಿನವನು. ಪಕ್ಕದಲ್ಲಿ ಚಳ್ಳಕೆರೆಯವನು, ಎದುರಿಗೆ ಬೆಂಗಳೂರಿನವನು. ಮೂವರೂ ನನ್ನ ಮುಖವನ್ನೇ ನೋಡುತ್ತಿದ್ದರು. ನನ್ನದು ಮೂಡಿಗೆರೆ ತಾಲ್ಲೂಕಿನ ಜಾವಳಿ. ಹೇಮಾವತಿ ಹುಟ್ಟುವ ಊರು ಅಂತ ಮೊದಲ ಸೆಮಿಸ್ಟರ್‌ನಿಂದಲೂ ಜಂಬ ಕೊಚ್ಚಿಕೊಂಡು ಬಂದವನು ನಾನು. ಈಗ ಹಿಂದೆ ಸರಿಯುವ ಹಾಗಿರಲಿಲ್ಲ.

‘ಜಾಗಕ್ಕೇನು ಬರ? ನಮ್ಮೂರೇ ಅಲ್ವಾ, ಯಾರು ಕೇಳ್ತಾರೆ!’ ಅಂದುಬಿಟ್ಟೆ.

ನಿಜ ಹೇಳಬೇಕೆಂದರೆ ಇಪ್ಪತ್ತು ವರ್ಷದಲ್ಲಿ ಒಂದು ರಾತ್ರಿಯೂ ನಾನು ಆ ಗುಡ್ಡದ ಮೇಲೆ ಮಲಗಿದವನಲ್ಲ. ನಮ್ಮ ಕಡೆ ಯಾರೂ ಮಲಗುವುದಿಲ್ಲ. ಅದು ಯಾಕೆ ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ.

ಬೆಂಗಳೂರಿನ ಗೆಳೆಯ ಅಮೆರಿಕದ ವಿಡಿಯೊಗಳನ್ನು ನೋಡಿ ತಯಾರಾಗಿದ್ದ. ಅಲ್ಲಿ ಅರಿಜೋನಾದಂಥ ಒಣ ಹುಲ್ಲುಗಾವಲಿನ ನಾಡಿನಲ್ಲಿ ‘ಡಿಸ್ಪರ್ಸ್ಡ್ ಕ್ಯಾಂಪಿಂಗ್’ ಎಂಬ ಪದ್ಧತಿ ಇದೆಯಂತೆ. ನಲ್ಲಿ, ಶೌಚಾಲಯ, ಕಾವಲುಗಾರ ಯಾವುದೂ ಇಲ್ಲದ ಸರ್ಕಾರಿ ಬಯಲಿನಲ್ಲಿ ಟೆಂಟ್ ಹಾಕಿಕೊಳ್ಳಬಹುದು. ಬಾಡಿಗೆ ಇಲ್ಲ. ಸಾಮಾನ್ಯವಾಗಿ 14 ದಿನದವರೆಗೆ ಒಂದೇ ಕಡೆ ಇರಬಹುದು. ‘ನಿಮ್ಮೂರಲ್ಲೂ ಹುಲ್ಲು, ಅಲ್ಲೂ ಹುಲ್ಲು’ ಎಂದು ಅವನು ಲೆಕ್ಕ ಮುಗಿಸಿದ.

ಜಾಗ ಹುಡುಕುವ ಕೆಲಸ ನನ್ನದಾಯಿತು. ಸಿವಿಲ್ ಹುಡುಗ ತಾನೇ! ಉಪಗ್ರಹ ಚಿತ್ರ ತೆರೆದೆ, ಕಾಂಟೂರ್ ಗೆರೆ ನೋಡಿದೆ. ಗೆರೆಗಳು ದೂರ ದೂರ ಇದ್ದಲ್ಲಿ ನೆಲ ಸಮತಟ್ಟು. ನಮ್ಮ ತೋಟದ ಮೇಲೆ, ಎರಡು ಬೋಳುಗುಡ್ಡಗಳ ನಡುವೆ ಅಂಥದೊಂದು ಜಾಗ ಸಿಕ್ಕಿತು. ಮನೆಯಿಲ್ಲ, ಮರವಿಲ್ಲ, ಬೇಲಿಯಿಲ್ಲ. ಮ್ಯಾಪ್‌ನಲ್ಲಿ ಪಿನ್ ಇಟ್ಟು ಗ್ರೂಪ್‌ಗೆ ಕಳಿಸಿದೆ. ಹೆಸರು ಬೇರೆ ಕೊಟ್ಟಿದ್ದೆ: ‘ಖಾಲಿ ಜಾಗ’.

ಕಲ್ಲಿಗೆ ಕಟ್ಟಿದ ಹಗ್ಗ

ಜನವರಿ ಕೊನೆಯ ವಾರ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಊರು ಸೇರಿದೆವು. ‘ಮೇಲೆ ಗುಡ್ಡಕ್ಕೆ ಹೋಗಿ ಬರ್ತೀವಿ’ ಎಂದಷ್ಟೇ ಅಪ್ಪನಿಗೆ ಹೇಳಿ, ರಾತ್ರಿ ಅಲ್ಲೇ ಇರುತ್ತೇವೆ ಎಂಬುದನ್ನು ನುಂಗಿಕೊಂಡೆ. ತೋಟ ದಾಟಿ, ಹಳ್ಳದ ಪಕ್ಕದ ಕಾಡು ದಾಟಿದರೆ ಇದ್ದಕ್ಕಿದ್ದಂತೆ ಆಕಾಶ ತೆರೆದುಕೊಳ್ಳುತ್ತದೆ. ಸೊಂಟದೆತ್ತರ ಹುಲ್ಲು ಒಣಗಿ ಬಂಗಾರದ ಬಣ್ಣಕ್ಕೆ ತಿರುಗಿತ್ತು. ದೂರದಲ್ಲಿ ಬಲ್ಲಾಳರಾಯನದುರ್ಗದ ಸಾಲು. ಗೆಳೆಯರು ಫೋಟೊ ತೆಗೆಯುವುದರಲ್ಲಿ ಮುಳುಗಿದರು.

ಸಂಜೆ ಐದರ ಹೊತ್ತಿಗೆ ಗಾಳಿ ಎದ್ದಿತು. ಕಾಂಟೂರ್ ಗೆರೆಯಲ್ಲಿ ಗಾಳಿ ಕಾಣಿಸುವುದಿಲ್ಲ. ಎರಡು ಗುಡ್ಡಗಳ ನಡುವಿನ ತಗ್ಗು ಎಂದರೆ ಗಾಳಿಗೆ ಬಾಗಿಲು ತೆಗೆದಿಟ್ಟ ಹಾಗೆ. ಮೊದಲ ಟೆಂಟ್ ಎರಡು ಸಲ ಕಿತ್ತು ಹಾರಿತು. ಹತ್ತಿರದಲ್ಲೇ ಕಲ್ಲುಗಳನ್ನು ಪೇರಿಸಿದ ಒಂದು ಗುಪ್ಪೆ ಕಂಡಿತು. ಗಟ್ಟಿಯಾಗಿದೆ ಎಂದು ಹಗ್ಗವನ್ನು ಅದಕ್ಕೇ ಬಿಗಿದೆ. ತುಮಕೂರಿನವನು ಮ್ಯಾಗಿಗೆ ನೀರಿಡಲು ಗ್ಯಾಸ್ ಸ್ಟೌ ಹಚ್ಚಿದ. ಗಾಳಿಗೆ ಉರಿ ಅಡ್ಡಡ್ಡ ಮಲಗುತ್ತಿತ್ತು.

‘ಏಯ್, ಆರ್ಸಾ ಅದನ್ನ ಮೊದ್ಲು!’

ತಪ್ಪಿಸಿಕೊಂಡ ದನ ಹುಡುಕುತ್ತ ಬಂದ ನಮ್ಮೂರ ಹಿರಿಯರು. ರಕ್ತಸಂಬಂಧವಿಲ್ಲದಿದ್ದರೂ ಚಿಕ್ಕಂದಿನಿಂದ ಅವರನ್ನು ನಾನು ಕರೆಯುವುದು ದೊಡ್ಡಪ್ಪ ಎಂದೇ. ಸ್ಟೌ ಆರುವವರೆಗೆ ಅವರು ಬೇರೆ ಮಾತಾಡಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು.

‘ಹಗ್ಗ ಎಂತದಕ್ಕೆ ಕಟ್ಟಿದೀಯ ಗೊತ್ತಾ?’

‘ಕಲ್ಲಿಗೆ, ದೊಡ್ಡಪ್ಪ.’

‘ಅದು ಫಾರೆಸ್ಟಿನ ಗಡಿ ಕಲ್ಲು ಮಾರಾಯ. ನೀನು ಮಲಗಕ್ಕೆ ಹೊರಟಿದ್ದು ಗಡಿಯಿಂದ ಆಚೆಗೆ. ಅದು ಹೋಗ್ಲಿ, ಈ ಗಾಳೀಲಿ ಒಂದು ಕಿಡಿ ಹಾರಿದ್ರೆ ಹುಲ್ಲು ಎಷ್ಟು ಹೊತ್ತು ಉರೀತದೆ ಅಂತ ಗೊತ್ತಾ? ಗುಡ್ಡ ಇಳಿದ್ರೆ ಮೊದ್ಲು ಸಿಗೋದು ನಿಮ್ಮಪ್ಪನ ತೋಟವೇ.’

ನನ್ನ ಬಾಯಿಂದ ಮಾತು ಹೊರಡಲಿಲ್ಲ. ಒಣ ಹುಲ್ಲಿಗೆ ಬೆಂಕಿ ಬಿದ್ದರೆ ಓಡುವ ವೇಗವನ್ನು ಚಿಕ್ಕಂದಿನಲ್ಲಿ ಎದುರು ಗುಡ್ಡದಲ್ಲಿ ನಾನೇ ನೋಡಿದ್ದೆ. ಅಂದು ಊರಿನ ಗಂಡಸರೆಲ್ಲ ಸೊಪ್ಪು ಹಿಡಿದು ಓಡಿದ್ದರು. ಇಷ್ಟೆಲ್ಲ ಗೊತ್ತಿದ್ದವನೇ ಪಿನ್ ಇಟ್ಟಿದ್ದ. ದೊಡ್ಡಪ್ಪ ಯಾರಿಗೂ ಫೋನ್ ಮಾಡಲಿಲ್ಲ. ಒಂದು ಬ್ಯಾಗನ್ನು ತಾವೇ ಹೆಗಲಿಗೇರಿಸಿಕೊಂಡು ‘ಕತ್ತಲಾಗ್ತದೆ, ಇಳೀರಿ’ ಎಂದರು. ಅವರ ದನ ಆ ದಿನ ಸಿಗಲಿಲ್ಲ. ನಮ್ಮನ್ನು ಇಳಿಸಲು ಅವರು ಹುಡುಕುವುದನ್ನೇ ಬಿಟ್ಟು ಬಂದಿದ್ದರು.

ಏಳು ಗಂಟೆಯವರೆಗಿನ ಜಾಗ

ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಮ್ಮ ನಾಲ್ವರಿಗೂ ಅನ್ನ ಬಡಿಸಿದ ಮೇಲೆ ಅಪ್ಪ ಹೇಳಿದ್ದು ಒಂದೇ ಮಾತು: ‘ಟೆಂಟ್ ಹಾಕ್ಲೇಬೇಕು ಅಂದ್ರೆ ಕಣ ಇದ್ಯಲ್ಲ. ಬೆಳಿಗ್ಗೆ ಏಳಕ್ಕೆ ಖಾಲಿ ಮಾಡ್ಬೇಕು.’

ಕಾಫಿ ಸೀಮೆಯವರಿಗೆ ಇದು ಅರ್ಥವಾಗುತ್ತದೆ. ಜನವರಿಯಲ್ಲಿ ಕಣದ ತುಂಬ ಕಾಫಿ ಒಣಗುತ್ತಿರುತ್ತದೆ. ಆದರೆ ಸಂಜೆ ಇಬ್ಬನಿ ಬೀಳುವ ಮುಂಚೆ ಅದನ್ನು ಗುಡ್ಡೆ ಮಾಡಿ ಟಾರ್ಪಾಲು ಹೊದಿಸುತ್ತಾರೆ. ಆಗ ಅರ್ಧಕ್ಕಿಂತ ಹೆಚ್ಚು ಕಣ ಬಿಡುವು. ಬೆಳಿಗ್ಗೆ ಬಿಸಿಲು ಬಂದ ತಕ್ಷಣ ಮತ್ತೆ ಹರಡಬೇಕು. ಹುಟ್ಟಿದಾಗಿನಿಂದ ಅದೇ ಕಣದಲ್ಲಿ ಆಡಿದ ನನಗೆ, ಅದು ರಾತ್ರಿ ಹೊತ್ತು ಟೆಂಟ್ ಹಾಕಲು ಹೇಳಿ ಮಾಡಿಸಿದ ಜಾಗ ಎಂದು ಹೊಳೆದಿರಲಿಲ್ಲ. ಸಮತಟ್ಟು, ಗಾಳಿಗೆ ಮನೆಯ ಮರೆ, ನೀರು ಹತ್ತಿರ, ಶೌಚಾಲಯ ಇದೆ, ಹೇಳಿ ಕೇಳಿ ನಮ್ಮದೇ ಹಿಡುವಳಿ. ಸಿಮೆಂಟಿಗೆ ಗೂಟ ಇಳಿಯುವುದಿಲ್ಲ ಎಂಬ ಒಂದು ತೊಂದರೆಯೂ ಕಾಫಿ ತುಂಬಿದ ಮೂಟೆಗಳಿಗೆ ಹಗ್ಗ ಕಟ್ಟಿದ್ದರಿಂದ ನೀಗಿತು. ಕೆಳಗೆ ಗೋಣಿಚೀಲ ಹಾಸಿಕೊಂಡೆವು.

ಆ ರಾತ್ರಿ ಚಳ್ಳಕೆರೆಯ ಗೆಳೆಯ ಮಾತಾಡಿದ. ಅವನ ಕಡೆಯದೂ ಹುಲ್ಲಿನ ನಾಡೇ. ಮಳೆ ಕಡಿಮೆ, ಬಿಸಿಲು ಜಾಸ್ತಿ. ಅಲ್ಲಿನ ಅಮೃತ್‌ಮಹಲ್ ಕಾವಲಿನಲ್ಲಿ ತಲೆಮಾರುಗಳಿಂದ ಕುರಿ, ದನ ಮೇಯುತ್ತಿದ್ದವು. 2009ರ ನಂತರ ಸಾವಿರಾರು ಎಕರೆ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳಿಗೆ ಹಂಚಿಕೆಯಾಯಿತು. ‘ದೇಶಕ್ಕೆ ಆ ಸಂಸ್ಥೆಗಳು ಬೇಕು ಮಗಾ. ನಾಳೆ ನಾನೂ ಅಲ್ಲಿ ಕೆಲಸಕ್ಕೆ ಅರ್ಜಿ ಹಾಕ್ತೀನಿ. ಆದ್ರೆ ಮರ ಇಲ್ಲದ ಜಾಗ ಕಂಡ್ರೆ ಎಲ್ಲರೂ ಖಾಲಿ ಅಂತಾರೆ. ನಮ್ಮ ಕುರಿ ಕಾಯೋರು ಯಾರ ಕಣ್ಣಿಗೂ ಬೀಳಲ್ಲ. ನೀನು ಪಿನ್‌ಗೆ ಇಟ್ಟ ಹೆಸರು ನೋಡಿ ನಂಗೆ ಅದೇ ನೆನಪಾಯ್ತು’ ಎಂದ.

ಮ್ಯಾಪ್ ತೆರೆದು ಆ ಹೆಸರನ್ನು ಅಳಿಸಿದೆ.

ಬೆಳಿಗ್ಗೆ ತುಮಕೂರಿನವನು ಬ್ರಷ್ ಹಿಡಿದು ಹಳ್ಳದ ಕಡೆ ಹೊರಟ. ‘ಅಲ್ಲಿ ಉಗೀಬೇಡಪ್ಪಾ, ಅದು ನಿಮ್ಮನೆ ನಲ್ಲಿಗೇ ಬರ್ತದೆ’ ಎಂದು ಅಮ್ಮ ನಕ್ಕರು. ತಮಾಷೆಯಾದರೂ ಸುಳ್ಳಲ್ಲ. ನಮ್ಮ ಹಳ್ಳಗಳ ನೀರು ಹೇಮಾವತಿ ಸೇರಿ ಗೊರೂರು ಜಲಾಶಯಕ್ಕೆ ಹೋಗುತ್ತದೆ. ಅಲ್ಲಿಂದ ನಾಲೆಯಲ್ಲಿ ತುಮಕೂರಿನ ಬುಗುಡನಹಳ್ಳಿ ಕೆರೆ ತಲುಪುತ್ತದೆ. ಮಳೆಗಾಲದ ನೀರನ್ನು ಈ ಹುಲ್ಲು ಮತ್ತು ಮಡಿಲಿನ ಶೋಲಾ ಕಾಡು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುವುದರಿಂದಲೇ ಬೇಸಿಗೆಯಲ್ಲೂ ಹಳ್ಳ ಹರಿಯುತ್ತದೆ. ಹೈಡ್ರಾಲಜಿ ಪೇಪರ್‌ನಲ್ಲಿ ಈ ವಿಷಯಕ್ಕೆ ನಾನು ಹತ್ತು ಅಂಕದ ಉತ್ತರ ಬರೆದು ಬಂದಿದ್ದೆ!

ಏಳಕ್ಕೆ ಟೆಂಟ್ ಮಡಚಿ, ನಾಲ್ವರೂ ಸೇರಿ ಮರದ ಹಲಗೆ ಹಿಡಿದು ಕಾಫಿ ಹರಡಿದೆವು.

ಜಾಗ ಹುಡುಕುವ ಕ್ರಮ

ಆಮೇಲೆ ನಾನು ಈ ವಿಷಯವನ್ನು ಸರಿಯಾಗಿ ವಿಚಾರಿಸಿದೆ. ನಮ್ಮ ಕಡೆಗೆ ಬರುವ ಗೆಳೆಯರಿಗೆ ಉಪಯೋಗವಾಗಬಹುದು.

ಮೊದಲು ತಿಳಿಯಬೇಕಾದ್ದು ಜಾಗ ಯಾರದು ಎಂಬುದು. ಕಂದಾಯ ಇಲಾಖೆಯ ‘ದಿಶಾಂಕ್’ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ. ಆ ನಂಬರ್ ಹಿಡಿದು ‘ಭೂಮಿ’ ತಾಣದಲ್ಲಿ ಪಹಣಿ ನೋಡಬಹುದು. ಮಲೆನಾಡಿನಲ್ಲಿ ಹಿಡುವಳಿ, ಗೋಮಾಳ, ಸೆಕ್ಷನ್ ಫೋರ್, ಮೀಸಲು ಅರಣ್ಯ ಎಲ್ಲವೂ ಒಂದರ ಪಕ್ಕ ಒಂದು ಇರುತ್ತವೆ. ಹುಲ್ಲು ಎಲ್ಲ ಕಡೆಯೂ ಒಂದೇ ಬಣ್ಣ. ಆ್ಯಪ್ ನೋಡಿದ ಮೇಲೂ ಊರಿನವರನ್ನು ಒಂದು ಮಾತು ಕೇಳಿ.

ಅರಣ್ಯವಾದರೆ ಟೆಂಟ್ ಆಸೆ ಬಿಡಿ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಬೆಟ್ಟಗಳಲ್ಲಿ ಹಗಲು ಚಾರಣಕ್ಕೆ ಮಾತ್ರ ಅವಕಾಶ, ಮನಸ್ಸಿಗೆ ಬಂದಲ್ಲಿ ರಾತ್ರಿ ತಂಗುವಂತಿಲ್ಲ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಜನ ಮುಗಿಬಿದ್ದ ಮೇಲೆ ಸರ್ಕಾರ ನಿಯಮ ಬಿಗಿ ಮಾಡಿ, ಅದೇ ವರ್ಷ ‘ಅರಣ್ಯ ವಿಹಾರ’ ತಾಣದಲ್ಲಿ ಬುಕಿಂಗ್ ತಂದಿತು. ಕುದುರೆಮುಖ, ನೇತ್ರಾವತಿ, ಕುರಿಂಜಲ್ ಹತ್ತಲು ಅಲ್ಲೇ ಟಿಕೆಟ್ ಪಡೆಯಬೇಕು. ಕಾಡಿನೊಳಗೇ ರಾತ್ರಿ ಕಳೆಯಬೇಕೆಂದರೆ ಕುದುರೆಮುಖದ ಭಗವತಿ ಪ್ರಕೃತಿ ಶಿಬಿರದಂಥ ಅಧಿಕೃತ ಜಾಗವಿದೆ. ಹೊರಡುವ ಮುನ್ನ ತೆರೆದಿದೆಯೇ ಎಂದು ವಿಚಾರಿಸಿ.

ಉಳಿದದ್ದು ಖಾಸಗಿ ಜಾಗ: ನೋಂದಾಯಿತ ಹೋಂಸ್ಟೇ, ತೋಟದ ಅಂಚು, ಕಣ, ಪರಿಚಯದವರ ಅಂಗಳ. ಅಲ್ಲೂ ನೆಲ ನೋಡಿಯೇ ಟೆಂಟ್ ಹಾಕಬೇಕು. ಗುಡ್ಡದ ನೆತ್ತಿ ಬೇಡ; ಮಾರ್ಚ್, ಏಪ್ರಿಲ್‌ನ ಹೂಮಳೆಯ ಜೊತೆ ಸಿಡಿಲೂ ಬರುತ್ತದೆ. ಹಳ್ಳದ ಪಾತ್ರ ಬೇಡ. ಒಣ ಕೊಂಬೆಯ ಕೆಳಗೆ ಬೇಡ. ಗುಡ್ಡ ಕಡಿದು ಮಾಡಿದ ಸಮತಟ್ಟಂತೂ ಬೇಡವೇ ಬೇಡ. 2019ರ ಆಗಸ್ಟ್‌ನಲ್ಲಿ ಮಲೆಮನೆ, ಮಧುಗುಂಡಿ ಕಡೆ ಗುಡ್ಡಗಳೇ ಜಾರಿ ಬಂದದ್ದನ್ನು ನಮ್ಮ ತಾಲ್ಲೂಕಿನವರು ಮರೆತಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಇಂಬಳದ ರಾಜ್ಯ. ಟೆಂಟ್ ಮಾತೇ ಇಲ್ಲ. ಪಾತ್ರೆ ತೊಳೆಯುವುದು, ಬಯಲಿಗೆ ಹೋಗುವುದು ನೀರಿನಿಂದ ಕನಿಷ್ಠ 200 ಅಡಿ ದೂರ ಇರಲಿ. ಹುಲ್ಲಿನ ಹತ್ತಿರ ಬೆಂಕಿ ಯಾವ ಕಾರಣಕ್ಕೂ ಬೇಡ.

ಸ್ವೀಡನ್‌ನಲ್ಲಿ ಬೇರೆಯವರ ಜಮೀನಿನಲ್ಲೂ ಒಂದು ರಾತ್ರಿ ಟೆಂಟ್ ಹಾಕುವ ಹಕ್ಕು ಎಲ್ಲರಿಗೂ ಇದೆಯಂತೆ. ಆದರೆ ಮನೆಯಿಂದ ದೂರ ಇರಬೇಕು, ಏನನ್ನೂ ಹಾಳು ಮಾಡಬಾರದು. ನಮಗೆ ಅಂಥ ಹಕ್ಕಿಲ್ಲ. ಇಲ್ಲಿ ಮನೆಯ ಹತ್ತಿರ ಹೋಗಿ ‘ಸಾರ್, ಒಂದು ರಾತ್ರಿ ಇರಬಹುದಾ?’ ಎಂದು ಕೇಳುವುದೇ ದಾರಿ.

ಅಪ್ಪನ ಎರಡು ಪ್ರಶ್ನೆ

ಬೆಂಗಳೂರಿನ ಗೆಳೆಯ ಹೊರಡುವಾಗ ಅಪ್ಪನಿಗೆ ಹೇಳಿದ: ‘ಅಂಕಲ್, ಹತ್ತು ಟೆಂಟ್ ಹಾಕಿ. ಕಾಫಿಗಿಂತ ಇದರಲ್ಲೇ ದುಡ್ಡು.’ ಅಪ್ಪ ಕೇಳಿದ್ದು ಎರಡೇ: ‘ಹತ್ತು ಟೆಂಟಿನವರ ಶೌಚದ ನೀರು ಎಲ್ಲಿಗೆ ಹೋಗ್ಬೇಕು? ಕಸ ಯಾರು ಕೊಟ್ಟಿಗೆಹಾರಕ್ಕೆ ಹೊರ್ತಾರೆ?’

ಆ ಎರಡು ಪ್ರಶ್ನೆ ನನ್ನ ತಲೆಯಲ್ಲಿ ಉಳಿದಿವೆ. ಕ್ಯಾಂಪಸ್ ಸೆಲೆಕ್ಷನ್ ಹತ್ತಿರ ಬರುತ್ತಿದೆ. ಸಿವಿಲ್‌ಗೆ ಎಷ್ಟು ಕಂಪನಿ ಬರುತ್ತವೆ ಎಂದು ಸೀನಿಯರ್‌ಗಳನ್ನು ಕೇಳಿದರೆ ನಗುತ್ತಾರೆ. ಊರಿಗೆ ವಾಪಸ್ ಬಂದು ನಾಲ್ಕೇ ಟೆಂಟಿನ, ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿದ ಒಂದು ಜಾಗ ಮಾಡಬಹುದೇ? ನೋಟ್‌ಬುಕ್‌ನ ಕೊನೆಯ ಪುಟದಲ್ಲಿ ನಮ್ಮ ತೋಟದ ನಕ್ಷೆ ಬರೆದಿದ್ದೇನೆ. ಹಳ್ಳದಿಂದ ದೂರ ಸೋಕ್‌ಪಿಟ್ ಎಲ್ಲಿ ಬರಬೇಕು ಎಂಬುದು ಇನ್ನೂ ಸರಿಹೋಗಿಲ್ಲ. ಅದು ಸರಿಹೋಗುವವರೆಗೆ ಅಪ್ಪನ ಹತ್ತಿರ ಮಾತೆತ್ತುವುದಿಲ್ಲ.

ಗೆಳೆಯರನ್ನು ಬಸ್ಸಿಗೆ ಹತ್ತಿಸಿದ ಮೇಲೆ ಒಬ್ಬನೇ ಗುಡ್ಡ ಹತ್ತಿದೆ. ಅವಸರದಲ್ಲಿ ಬಿಟ್ಟು ಬಂದ ಹಗ್ಗ ಗಡಿ ಕಲ್ಲಿನಲ್ಲೇ ಇತ್ತು. ಬಿಚ್ಚಿಕೊಂಡೆ. ನಾನು ಎಳೆದಾಗ ಉರುಳಿದ್ದ ಎರಡು ಕಲ್ಲನ್ನು ಮತ್ತೆ ಮೇಲಿಟ್ಟೆ. ಕಬ್ಬಿಣದ ಗೂಟಗಳನ್ನು ಎಣಿಸಿದರೆ ಹದಿನಾರರಲ್ಲಿ ಒಂದು ಕಡಿಮೆ. ಕತ್ತಲಾಗುವವರೆಗೆ ಹುಲ್ಲು ಸರಿಸಿ ಹುಡುಕಿದರೂ ಸಿಗಲಿಲ್ಲ.

ದೊಡ್ಡಪ್ಪನ ದನ ಮರುದಿನ ತಾನಾಗಿಯೇ ಮನೆಗೆ ಬಂತು. ಅದು ದಿನಾ ಮೇಯುವುದು ಅದೇ ತಗ್ಗಿನಲ್ಲಿ. ರಜೆಗೆ ಊರಿಗೆ ಹೋದಾಗಲೆಲ್ಲ ಒಂದು ಸಲ ಆ ಕಡೆ ಹೋಗಿ ಹುಲ್ಲು ಸರಿಸಿ ನೋಡಿ ಬರುತ್ತೇನೆ.