ಹಳೆಯ ಕಂಪ್ಯೂಟರಿಗೆ ಹೊಸ ವಿಂಡೋಸ್: ಎಸ್‌.ಪಿ. ರೋಡಿಗೆ ಹೊರಡುವ ಮುನ್ನ

ಬನಶಂಕರಿ ಎರಡನೇ ಹಂತದ ನಮ್ಮ ಬೀದಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಒಂದು ಸಂಜೆ ನನ್ನನ್ನು ಕರೆದು, "ನೋಡಪ್ಪ, ಇದಕ್ಕೆ ಹೊಸ ವಿಂಡೋಸ್ ಹತ್ತೋದಿಲ್ಲವಂತೆ. ಹೊಸ ಕಂಪ್ಯೂಟರೇ ತಗೊಳ್ಳಿ ಅಂತಾರೆ," ಎಂದರು. "ಮೇಷ್ಟ್ರೇ, ದುಡ್ಡು ಆಮೇಲೆ. ಮೊದಲು ಒಳಗೆ ಏನಿದೆ ನೋಡೋಣ," ಎಂದೆ. ನಿಮಗೂ ಅದನ್ನೇ ಹೇಳುತ್ತೇನೆ.

ವಿಷಯ ಇಷ್ಟು. 2015ರಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು. ಕಂಪ್ಯೂಟರ್ ಅಂದಿಗೇ ನಿಂತುಹೋಗಲಿಲ್ಲ, ಈಗಲೂ ಆನ್ ಆಗುತ್ತದೆ. ಆದರೆ ಭದ್ರತೆಯ ಅಪ್‌ಡೇಟ್, ಅಂದರೆ ಹೊಸದಾಗಿ ಕಂಡುಬಂದ ಕಳ್ಳಕಿಂಡಿಗಳನ್ನು ಮುಚ್ಚುವ ತೇಪೆ, ತಾನಾಗಿ ಬರುವುದಿಲ್ಲ. ಅದೇ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಮಾಡುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ವಿಂಡೋಸ್ 11 ಕೇಳುವುದೇನು? ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಸೆಕ್ಯೂರ್ ಬೂಟ್, ಟಿಪಿಎಂ 2.0. ಟಿಪಿಎಂ ಎಂದರೆ ಗುಪ್ತ ಕೀಲಿಗಳನ್ನು ಜೋಪಾನ ಮಾಡುವ ಸಣ್ಣ ತಿಜೋರಿ. ಅದು ಪ್ರತ್ಯೇಕ ಚಿಪ್ ಆಗಿರಬಹುದು, ಪ್ರೊಸೆಸರಿನ ಒಳಗೇ ಇರಬಹುದು. ಇವೆಲ್ಲಕ್ಕಿಂತ ಮುಖ್ಯವಾದದ್ದು ಪ್ರೊಸೆಸರಿನ ಪೀಳಿಗೆ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಅಬೌಟ್ ತೆರೆದರೆ ಹೆಸರು ಕಾಣುತ್ತದೆ. ಇಂಟೆಲ್ ಆದರೆ ಅಡ್ಡಗೆರೆಯ ಮುಂದಿನ ಅಂಕಿ ನೋಡಿ. ಐ5-7400 ಏಳನೇ ಪೀಳಿಗೆಯದು, ಐ3-8100 ಎಂಟನೆಯದು. ಐದಂಕಿಯ ಸಂಖ್ಯೆಯಾದರೆ ಮೊದಲ ಎರಡು ಅಂಕಿ ಓದಿ: ಐ5-10210 ಹತ್ತನೆಯದು. ಎಂಟು ಮತ್ತು ಮೇಲಿನವು ಸಾಮಾನ್ಯವಾಗಿ ಪಾಸು. ಎಎಂಡಿ ಆದರೆ ರೈಜೆನ್ 2000 ಸಾಲಿನಿಂದ ಮುಂದಿನವು ಬಹುತೇಕ ಸರಿ. ಅಂಕಿ ನೋಡುವ ರಗಳೆ ಬೇಡ ಎನ್ನುವವರು ಮೈಕ್ರೋಸಾಫ್ಟಿನ ಉಚಿತ 'ಪಿಸಿ ಹೆಲ್ತ್ ಚೆಕ್' ಹಾಕಿಕೊಳ್ಳಿ, ಅದೇ ಹೇಳುತ್ತದೆ.

ಮೇಷ್ಟ್ರದು ಐ3-8100. ಪ್ರೊಸೆಸರ್ ಸರಿಯಿದ್ದೂ 'ಆಗದು' ಎಂದು ಬರುತ್ತಿತ್ತು. ಯಂತ್ರ ಆನ್ ಆಗುವಾಗಲೇ ಡಿಲೀಟ್ ಕೀ ಒತ್ತಿ ಬಯಾಸ್‌ಗೆ ಹೋದೆವು. ಬಯಾಸ್ ಎಂದರೆ ವಿಂಡೋಸ್‌ಗಿಂತ ಮುಂಚೆ ಏಳುವ ಮೂಲ ವ್ಯವಸ್ಥೆ. ಅಲ್ಲಿ 'ಪಿಟಿಟಿ' ಎಂಬ ಸಾಲು ಆಫ್ ಆಗಿತ್ತು. ಇಂಟೆಲ್ ಪ್ರೊಸೆಸರಿನೊಳಗಿನ ಟಿಪಿಎಂಗೆ ಆ ಹೆಸರು. ಎಎಂಡಿಯಲ್ಲಿ ಅದು 'ಎಫ್‌ಟಿಪಿಎಂ'. ಆನ್ ಮಾಡಿದೆವು, ತಿಜೋರಿ ಸಿಕ್ಕಿತು. ಡ್ರೈವಿಗೆ ಬಿಟ್‌ಲಾಕರ್‌ನಿಂದ ಬೀಗ ಹಾಕಿಟ್ಟವರು ಮಾತ್ರ ಬಯಾಸ್ ಮುಟ್ಟುವ ಮೊದಲು ರಿಕವರಿ ಕೀ ಬರೆದಿಟ್ಟುಕೊಳ್ಳಿ.

ಇನ್ನು ನಿಧಾನದ ಕಾಯಿಲೆ. ಕ್ಯಾಬಿನೆಟ್ ಪಕ್ಕದ ಎರಡು ಸ್ಕ್ರೂ ಬಿಚ್ಚಿದಾಗ ಫ್ಯಾನಿನ ರೆಕ್ಕೆಗಳ ಮೇಲೆ ಕಂಬಳಿಯ ಹಾಗೆ ಧೂಳು ಕೂತಿತ್ತು. ಬ್ರಷ್ಷಿನಿಂದ ತೆಗೆದೆವು. ನಿಜವಾದ ತಡೆ ತಿರುಗುವ ಹಾರ್ಡ್ ಡಿಸ್ಕಿನದು. ಅದರ ಬದಲು ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವೇ ಇಲ್ಲದ ಚಿಪ್ಪಿನ ಡಿಸ್ಕ್ ಹಾಕಿ, 4 ಜಿಬಿ ರ‍್ಯಾಮನ್ನು 8 ಮಾಡಿದರೆ ಯಂತ್ರದ ನಡೆಯೇ ಬದಲಾಗುತ್ತದೆ. ಕೊಳ್ಳುವಾಗ ನೆನಪಿಡಿ: ಡಿಡಿಆರ್3 ಜಾಗದಲ್ಲಿ ಡಿಡಿಆರ್4 ಕೂರುವುದಿಲ್ಲ, ಕಚ್ಚು ಬೇರೆ ಕಡೆ ಇರುತ್ತದೆ. ಹಳೆಯ ರ‍್ಯಾಮ್ ಕಡ್ಡಿಯ ಫೋಟೊ ತೆಗೆದುಕೊಂಡೇ ಅಂಗಡಿಗೆ ಹೋಗಿ.

ಏನನ್ನೂ ಬಿಚ್ಚುವ ಮೊದಲು ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಇಲ್ಲಿ ಕನ್ನಡದವರಿಗೆ ಒಂದು ವಿಶೇಷ ಎಚ್ಚರಿಕೆ ಇದೆ. ಮೇಷ್ಟ್ರ ಬಳಿ ವರ್ಷಗಟ್ಟಲೆ ನುಡಿ ಮತ್ತು ಬರಹ ಎಂಬ ಕನ್ನಡ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಟಿಪ್ಪಣಿಗಳಿದ್ದವು. ಯೂನಿಕೋಡ್‌ಗೆ ಮುಂಚಿನ ಅಂಥ ಕಡತಗಳ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಅದನ್ನು ಕನ್ನಡವಾಗಿ ತೋರಿಸುವುದು ಫಾಂಟ್. ಹೊಸ ವಿಂಡೋಸ್‌ನಲ್ಲಿ ಆ ಫಾಂಟ್ ಇಲ್ಲದಿದ್ದರೆ ಪುಟದ ತುಂಬ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಬರಹ ಹಾಳಾಯಿತೆಂದು ಅಳಿಸಬೇಡಿ! ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್‌ನಿಂದ ನುಡಿ, ಬರಹದ ಫಾಂಟುಗಳನ್ನೂ ನಕಲು ಮಾಡಿಟ್ಟುಕೊಂಡು ಹೊಸದರಲ್ಲಿ ಹಾಕಿ. ಬಿಡುವಾದಾಗ ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಮೇಷ್ಟ್ರ ಕಡತಗಳಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಟ್ಟಿದ್ದು ಇದಕ್ಕೇ. ಯಂತ್ರ ಇನ್ನೊಂದು ಸಿಗುತ್ತದೆ, ಆ ಟಿಪ್ಪಣಿ ಸಿಗುವುದಿಲ್ಲ.

ಖರ್ಚೆಷ್ಟು? ಅಸಲಿ ವಿಂಡೋಸ್ 10 ಇದ್ದವರಿಗೆ 11 ಉಚಿತ. ಡಿಜಿಟಲ್ ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ, ಹಾಗಾಗಿ ಡಿಸ್ಕ್ ಬದಲಿಸಿದರೂ ಹೋಗುವುದಿಲ್ಲ. ಎಸ್‌ಎಸ್‌ಡಿ, ರ‍್ಯಾಮ್ ಎರಡೂ ಸೇರಿ ಕೆಲವು ಸಾವಿರ ರೂಪಾಯಿಯ ಮಾತು. ಆದರೆ ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದ 2025ರ ಕೊನೆಯಲ್ಲಿ ಮೆಮೊರಿ ಬೆಲೆ ಜಿಗಿಯಿತು. ಹಳೆಯ ದರ ನಂಬಿಕೊಂಡು ಹೋಗಬೇಡಿ, ಮೂರು ಅಂಗಡಿಯಲ್ಲಿ ಕೇಳಿ. ಸರಣಿ ಸಂಖ್ಯೆ ಬರೆದ ಜಿಎಸ್‌ಟಿ ಬಿಲ್ ಪಡೆಯಿರಿ, ವಾರಂಟಿಗೆ ಅದು ಬೇಕು. ಐನೂರು ರೂಪಾಯಿಗೆ ಲೈಸೆನ್ಸ್ ಕೀ ಎಂದರೆ ಬೇಡ ಅನ್ನಿ.

ಎಲ್ಲಿ ಕೊಳ್ಳುವುದು? ಜಯನಗರ, ಜೆ.ಪಿ. ನಗರ, ಬನಶಂಕರಿಯವರು ಹಸಿರು ಮಾರ್ಗದ ಮೆಟ್ರೋ ಹತ್ತಿ ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದರೆ ಕಂಪ್ಯೂಟರ್ ಅಂಗಡಿಗಳ ಎಸ್‌.ಪಿ. ರೋಡಿಗೆ ನಡೆದೇ ಹೋಗಬಹುದು. ಬಿಟಿಎಂ ಲೇಔಟಿನವರು 2025ರ ಆಗಸ್ಟಿನಲ್ಲಿ ಶುರುವಾದ ಹಳದಿ ಮಾರ್ಗದಲ್ಲಿ ಬಂದು ಆರ್.ವಿ. ರೋಡಿನಲ್ಲಿ ರೈಲು ಬದಲಿಸಿ. ಭಾನುವಾರ ಬಹುತೇಕ ಅಂಗಡಿ ಮುಚ್ಚಿರುತ್ತವೆ.

ಪ್ರೊಸೆಸರ್ ಏಳನೇ ಪೀಳಿಗೆಯದೋ ಅದಕ್ಕೂ ಹಳೆಯದೋ ಆದರೆ? ಬಲವಂತವಾಗಿ 11 ಹಾಕಿಕೊಡುವವರಿದ್ದಾರೆ. ಅಂಥ ಯಂತ್ರಕ್ಕೆ ಅಪ್‌ಡೇಟಿನ ಖಾತರಿ ಮೈಕ್ರೋಸಾಫ್ಟ್ ಕೊಡುವುದಿಲ್ಲ, ಹಾಗಾಗಿ ನಾನು ಒಪ್ಪುವುದಿಲ್ಲ. ಸದ್ಯಕ್ಕೆ ಉಸಿರಾಡಲು ಇಎಸ್‌ಯು ಎಂಬ ಹೆಚ್ಚುವರಿ ಭದ್ರತಾ ಯೋಜನೆ ಇದೆ. ಮನೆ ಬಳಕೆಯವರಿಗೆ ಅದನ್ನು 2026ರ ಅಕ್ಟೋಬರ್ 13ರವರೆಗೆ ಎಂದು ಪ್ರಕಟಿಸಿದರು. ಮೈಕ್ರೋಸಾಫ್ಟ್ ಖಾತೆಯಲ್ಲಿ ಸೆಟ್ಟಿಂಗ್ಸ್ ಬ್ಯಾಕಪ್ ಇಟ್ಟರೆ ಉಚಿತ, ಇಲ್ಲವಾದರೆ ಸುಮಾರು 30 ಡಾಲರ್. ಶಾಶ್ವತ ದಾರಿ ಬೇಕೆಂದರೆ ಲಿನಕ್ಸ್ ಮಿಂಟ್ ನೋಡಿ. ಪೂರ್ತಿ ಉಚಿತ, 4 ಜಿಬಿ ರ‍್ಯಾಮಿಗೆ ಸಾಕು. ಕನ್ನಡ ಹೇಗೆ ಟೈಪ್ ಮಾಡುವುದು ಎಂಬ ಅಳುಕು ಬೇಡ: ಅದರ ಕೀಲಿಮಣೆ ಪಟ್ಟಿಯಲ್ಲಿ 'ಕಗಪ' ವಿನ್ಯಾಸ ಸಿಗುತ್ತದೆ, ನುಡಿ ರೂಪಿಸಿದ ಕನ್ನಡ ಗಣಕ ಪರಿಷತ್ತಿನ ಹೆಸರಿನದೇ. ಪೆನ್‌ಡ್ರೈವ್‌ನಿಂದ ಓಡಿಸಿ ನೋಡಿ, ಪ್ರಿಂಟರ್ ಮತ್ತು ವೈಫೈ ಕೆಲಸ ಮಾಡಿದರೆ ಮಾತ್ರ ಡಿಸ್ಕಿಗೆ ಹಾಕಿ.