ರಾಜ್ಯ ಬಿಟ್ಟು ಊರು ಉಳಿಸಿದವರು

ರಾಜ್ಯ ಕಟ್ಟಿದವರ ಕಥೆಗಳನ್ನು ನಾವು ಬೇಕಾದಷ್ಟು ಓದಿದ್ದೇವೆ. ಕಟ್ಟಿದ್ದನ್ನು ಕಾಲವರಿತು ಬಿಟ್ಟುಕೊಟ್ಟವರ ಕಥೆ ಅಪರೂಪ. ಚೀನದ ಚಿಯೆನ್ ಮನೆತನದ್ದು ಅಂಥದೊಂದು ಕಥೆ.

ಒಂಬತ್ತನೆಯ ಶತಮಾನದ ಕೊನೆಗೆ ತಾಂಗ್ ಸಾಮ್ರಾಜ್ಯ ಕುಸಿಯುತ್ತಿತ್ತು. ಬಲವುಳ್ಳ ದಂಡನಾಯಕನೇ ತನ್ನ ಸೀಮೆಗೆ ದೊರೆ. ಕ್ರಿ.ಶ. 852ರಲ್ಲಿ ಹಾಂಗ್‌ಚೌ ನಗರದ ಸಮೀಪ ಹುಟ್ಟಿದ ಚಿಯೆನ್ ಲ್ಯೂ, ಹರೆಯದಲ್ಲಿ ಉಪ್ಪನ್ನು ಕದ್ದು ಸಾಗಿಸಿ ಹೊಟ್ಟೆ ಹೊರೆದವನು. ಆಗ ಉಪ್ಪಿನ ವ್ಯಾಪಾರ ಸರಕಾರದ ಕೈಯಲ್ಲಿತ್ತು. ಬಳಿಕ ಅವನು ಡುಂಗ್ ಚಾಂಗ್ ಎಂಬ ನಾಯಕನ ದಂಡು ಸೇರಿ ಮೇಲೇರಿದ. 895ರಲ್ಲಿ ಆ ನಾಯಕ ತಾನೇ ಚಕ್ರವರ್ತಿಯೆಂದು ಸಾರಿಕೊಂಡಾಗ ಅವನ ಮೇಲೆ ದಂಡೆತ್ತಿ, ಮರುವರ್ಷ ಸೋಲಿಸಿದ. 907ರಲ್ಲಿ ವೂಯುಯೆ ರಾಜ್ಯದ ಅರಸನಾದ.

ತಾನು ಮಾತ್ರ ಚಕ್ರವರ್ತಿ ಪದವಿಗೆ ಕೈಚಾಚಲಿಲ್ಲ. ಉತ್ತರದ ಚಕ್ರವರ್ತಿಗಳಿಗೆ ಕಾಣಿಕೆ ಕಳುಹಿಸುತ್ತ ತನ್ನ ಸೀಮೆಯನ್ನು ನೋಡಿಕೊಂಡ. 910ರಲ್ಲಿ, ಕಡಲಿನ ಉಬ್ಬರ ಊರಿಗೆ ನುಗ್ಗದಂತೆ, ಬಿದಿರ ಬುಟ್ಟಿಗಳಲ್ಲಿ ಕಲ್ಲು ತುಂಬಿ, ಮರದ ಕಂಬ ನೆಟ್ಟು ಒಡ್ಡು ಕಟ್ಟಿಸಿದ. 932ರಲ್ಲಿ ತೀರಿಕೊಂಡ.

960ರಲ್ಲಿ ಸುಂಗ್ ವಂಶ ತಲೆಯೆತ್ತಿತು. ಅದನ್ನೆದುರಿಸಿದ ನೆರೆಯ ದಕ್ಷಿಣ ತಾಂಗ್ ರಾಜ್ಯ 975ರಲ್ಲಿ ಬಿತ್ತು. ಮುಂದಿನ ಸರದಿ ತನ್ನದೆಂದು ಚಿಯೆನ್ ಲ್ಯೂನ ಮೊಮ್ಮಗ ಚಿಯೆನ್ ಚುವಿಗೆ ತಿಳಿಯದಿರಲಿಲ್ಲ. 978ರಲ್ಲಿ ಅವನು ಸುಂಗರ ರಾಜಧಾನಿಗೆ ಹೋಗಿ 13 ಪ್ರಾಂತಗಳನ್ನೂ 86 ತಾಲ್ಲೂಕುಗಳನ್ನೂ ಒಪ್ಪಿಸಿದ.

ಇದನ್ನು ಹೇಡಿತನವೆಂದು ಕರೆಯಬಹುದೆ? ಗೆಲ್ಲುವ ಬಲ ಅವನಿಗಿರಲಿಲ್ಲ, ನಿಜ. ಆದರೆ ಸೋಲುವ ಯುದ್ಧಕ್ಕೆ ಪ್ರಾಣ ತೆರುವವರು ರೈತರು, ಕೂಲಿಕಾರರು, ಕುಶಲಕರ್ಮಿಗಳು. ಅರಸು ಪಟ್ಟ ಕಳೆದುಕೊಂಡ. ಅವರ ಮನೆಮಾರು ಉಳಿದವು. ಹಾಂಗ್‌ಚೌ ಯುದ್ಧದ ಉರಿಯಿಂದ ಪಾರಾಗಿ ಬೆಳೆಯಿತು. 1138ರಲ್ಲಿ ಸುಂಗರಿಗೇ ರಾಜಧಾನಿಯಾಯಿತು. ರಾಜ್ಯ ಕಳೆದುಕೊಂಡ ಆ ಅರಸರ ಹೆಸರಿನ ಗುಡಿ ಅಲ್ಲಿಯ ಪಶ್ಚಿಮ ಸರೋವರದ ದಂಡೆಯಲ್ಲಿ ಇಂದಿಗೂ ಇದೆ.