ಲಾರಿಯ ಗೇರ್‌ಬಾಕ್ಸ್: ದುರಸ್ತಿಯೋ, ಬದಲಾವಣೆಯೋ?

ಒಂದೇ ಲಾರಿಯನ್ನು ಜೀವನೋಪಾಯವಾಗಿ ನಂಬಿರುವ ಕುಟುಂಬಕ್ಕೆ ಗೇರ್‌ಬಾಕ್ಸಿನ ದೋಷವು ಕೇವಲ ಯಂತ್ರದ ತೊಂದರೆಯಲ್ಲ. ವಾಹನವು ಗ್ಯಾರೇಜಿನಲ್ಲಿ ನಿಂತ ದಿನ ಬಾಡಿಗೆ ಬರುವುದಿಲ್ಲ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ನವಿ ಮುಂಬಯಿಯ ಕಳಂಬೋಲಿ, ಚೆನ್ನೈನ ಮಾಧವರಂ, ದೆಹಲಿಯ ಸಂಜಯ್ ಗಾಂಧಿ ಟ್ರಾನ್ಸ್‌ಪೋರ್ಟ್ ನಗರ ಮುಂತಾದ ಸರಕು ಸಾಗಣೆ ಕೇಂದ್ರಗಳಲ್ಲಿ ಊರಿನಿಂದ ದೂರವಿದ್ದು ದುಡಿಯುವ ಮಾಲೀಕರು ಇಂತಹ ವೇಳೆಯಲ್ಲಿ ಪರಿಚಯವಿಲ್ಲದ ಮೆಕ್ಯಾನಿಕನ ಮೊದಲ ಮಾತಿಗೇ ಒಪ್ಪಿಬಿಡುವುದುಂಟು. ಹಾಗೆ ಒಪ್ಪುವ ಮುನ್ನ ದೋಷ ಎಲ್ಲಿದೆ ಎಂಬುದನ್ನು ಖಚಿತಪಡಿಸಿಕೊಳ್ಳುವುದು ಅತ್ಯಗತ್ಯ.

ಗೇರ್‌ಬಾಕ್ಸಿನ ದೋಷವೆಂದು ಭಾವಿಸಲಾಗುವ ಅನೇಕ ತೊಂದರೆಗಳು ವಾಸ್ತವವಾಗಿ ಅದರ ಹೊರಗಿನವು. ಎಲ್ಲ ಗೇರುಗಳೂ ಒಂದೇ ರೀತಿ ಬಿಗಿಯಾಗಿ ಬೀಳುತ್ತಿದ್ದರೆ ಕ್ಲಚ್ ಪೂರ್ಣವಾಗಿ ಬಿಡುತ್ತಿಲ್ಲವೆಂದೋ, ಗೇರ್ ಲಿವರಿನ ಜೋಡಣೆ ಸಡಿಲವಾಗಿದೆಯೆಂದೋ ಮೊದಲು ಶಂಕಿಸಬೇಕು. ಒಂದೇ ಒಂದು ಗೇರು ಕರಕರ ಶಬ್ದ ಮಾಡಿದರೆ ಆ ಗೇರಿನ ಸಿಂಕ್ರೊ ರಿಂಗ್ ಸವೆದಿರುವ ಸಂಭವವಿದೆ. ಎಂಜಿನ್ ಚಾಲನೆಯಲ್ಲಿದ್ದು ಗೇರು ನ್ಯೂಟ್ರಲಿನಲ್ಲಿರುವಾಗ ಕೇಳಿಬರುವ ಶಬ್ದವು ಕ್ಲಚ್ ತುಳಿದೊಡನೆ ನಿಂತರೆ ಗೇರ್‌ಬಾಕ್ಸಿನ ಒಳಗಿನ ಬೇರಿಂಗುಗಳತ್ತ ಗಮನ ಹರಿಸಬೇಕು. ಕ್ಲಚ್ ತುಳಿದಾಗಲೇ ಶಬ್ದ ಹುಟ್ಟಿದರೆ ಅದು ಕ್ಲಚ್ಚಿನ ರಿಲೀಸ್ ಬೇರಿಂಗಿನದು. ಇದಕ್ಕಾಗಿ ಗೇರ್‌ಬಾಕ್ಸನ್ನು ಕೆಳಗಿಳಿಸಬೇಕಾದರೂ ಅದನ್ನು ಬಿಚ್ಚಬೇಕಾಗಿಲ್ಲ. ಟಾಪ್ ಗೇರಿನಲ್ಲಿ ಶಕ್ತಿಯು ನೇರವಾಗಿ ಹಾಯುವ ಗೇರ್‌ಬಾಕ್ಸುಗಳಲ್ಲಿ ಲೇ ಶಾಫ್ಟಿನ ಮೇಲೆ ಆಗ ಭಾರ ಬೀಳುವುದಿಲ್ಲ. ಆದುದರಿಂದ ಉಳಿದೆಲ್ಲ ಗೇರುಗಳಲ್ಲಿ ಕೇಳುವ ಮೊರೆತವು ಟಾಪಿನಲ್ಲಿ ಕಡಮೆಯಾದರೆ ಲೇ ಶಾಫ್ಟ್ ಮತ್ತು ಅದರ ಬೇರಿಂಗುಗಳ ಮೇಲೆ ಸಂದೇಹ ಬರುತ್ತದೆ.

ಇಷ್ಟಾದ ಮೇಲೆ ಎಣ್ಣೆಯ ಪರೀಕ್ಷೆ. ಇದಕ್ಕೆ ಖರ್ಚು ಅತ್ಯಲ್ಪ, ದೊರೆಯುವ ಮಾಹಿತಿ ಅಪಾರ. ಡ್ರೈನ್ ಪ್ಲಗ್ಗಿನ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣುಪಾದ ಲೇಪ ಅಂಟಿರುವುದು ಸಹಜ ಸವೆತದ ಗುರುತು. ಹಳದಿ ಕಣಗಳು ಹಿತ್ತಾಳೆಯ ಸಿಂಕ್ರೊ ರಿಂಗುಗಳಿಂದ ಬಂದಿರಬಹುದು. ಉಕ್ಕಿನ ಚೂರುಗಳಾಗಲಿ, ಹಲ್ಲಿನ ತುಂಡಾಗಲಿ ಸಿಕ್ಕಿದರೆ ವಾಹನವನ್ನು ಮುಂದಕ್ಕೆ ಒಂದು ಮೈಲಿಯೂ ಓಡಿಸಬಾರದು. ಆ ಒಂದು ತುಂಡು ಇತರ ಗೇರುಗಳ ನಡುವೆ ಸಿಕ್ಕಿದರೆ ಸಣ್ಣ ದುರಸ್ತಿಯಲ್ಲಿ ಮುಗಿಯಬೇಕಾದುದು ಹೊರಕವಚ ಒಡೆಯುವವರೆಗೆ ಹೋಗುತ್ತದೆ. ಎಣ್ಣೆಯ ಮಟ್ಟವೇ ಇಳಿದಿದ್ದರೆ ಮೊದಲು ಸೋರುವ ಆಯಿಲ್ ಸೀಲನ್ನು ಹುಡುಕಬೇಕು. ಎಣ್ಣೆ ಸುರಿದು ತುಂಬುವುದಷ್ಟೇ ಪರಿಹಾರವಲ್ಲ.

ಹಾಕಿದ ಗೇರು ತಾನಾಗಿ ಕಳಚಿ ನ್ಯೂಟ್ರಲಿಗೆ ಬರುವ ದೋಷವನ್ನು ಬೇರೆಯಾಗಿಯೇ ಪರಿಗಣಿಸಬೇಕು. ಸವೆದ ಹಲ್ಲು, ಬಾಗಿದ ಫೋರ್ಕ್, ಶಕ್ತಿಗುಂದಿದ ಸ್ಪ್ರಿಂಗ್, ಸಡಿಲ ಬೇರಿಂಗ್ ಇವುಗಳಲ್ಲಿ ಯಾವುದಾದರೂ ಕಾರಣವಿರಬಹುದು. ಮುಂಬಯಿ–ಪುಣೆ ನಡುವಣ ಬೋರ್ ಘಾಟಿನಲ್ಲಿ ಅಥವಾ ಧರ್ಮಪುರಿ ಜಿಲ್ಲೆಯ ತೊಪ್ಪೂರು ಘಾಟಿನಲ್ಲಿ ಭಾರ ಹೊತ್ತು ಇಳಿಯುವ ಲಾರಿಯನ್ನು ತಡೆದು ಹಿಡಿಯುವುದು ಬ್ರೇಕ್ ಮಾತ್ರವಲ್ಲ, ಕೆಳಗಿನ ಗೇರಿನಲ್ಲಿರುವ ಎಂಜಿನ್ ಕೂಡ. ಗೇರು ಕಳಚಿದರೆ ಸಮಸ್ತ ಭಾರವೂ ಬ್ರೇಕಿನ ಮೇಲೆ ಬೀಳುತ್ತದೆ. ಡ್ರಮ್ಮುಗಳು ಕಾದಂತೆ ಬ್ರೇಕಿನ ಹಿಡಿತ ತಗ್ಗುತ್ತದೆ. ವೇಗ ಏರಿದ ವಾಹನಕ್ಕೆ ಮತ್ತೆ ಗೇರು ಹಾಕುವುದೂ ಸಾಧ್ಯವಾಗುವುದಿಲ್ಲ. ಲಿವರನ್ನು ಕೈಯಿಂದ ಒತ್ತಿ ಹಿಡಿದುಕೊಂಡು ಇನ್ನೊಂದು ಟ್ರಿಪ್ ಮುಗಿಸೋಣ ಎಂಬ ಆಲೋಚನೆ ಇಲ್ಲಿ ಪ್ರಾಣಾಪಾಯಕರ.

ದೋಷ ತಿಳಿದ ಬಳಿಕ ಮಾಲೀಕರ ಮುಂದೆ ಕೆಟ್ಟ ಭಾಗವನ್ನಷ್ಟೇ ಬದಲಾಯಿಸುವುದು, ಪೂರ್ತಿ ಬಿಚ್ಚಿ ಓವರ್‌ಹಾಲ್ ಮಾಡಿಸುವುದು, ಪುನರ್ನಿರ್ಮಿತ ಅಥವಾ ಹಳೆಯ ಗೇರ್‌ಬಾಕ್ಸ್ ಕೂಡಿಸುವುದು, ಹೊಸದನ್ನೇ ಕೊಳ್ಳುವುದು ಎಂಬ ಮಾರ್ಗಗಳಿವೆ. ಬೆಲೆಯನ್ನು ಮಾತ್ರ ನೋಡಿದರೆ ನಿರ್ಧಾರ ತಪ್ಪುತ್ತದೆ. ವಾಹನ ನಿಲ್ಲುವ ದಿನಗಳನ್ನೂ ಸೇರಿಸಬೇಕು. ಲೆಕ್ಕದ ಅನುಕೂಲಕ್ಕಾಗಿ, ಓವರ್‌ಹಾಲಿಗೆ 40,000 ರೂಪಾಯಿ ಮತ್ತು ಹತ್ತು ದಿನ, ಪುನರ್ನಿರ್ಮಿತ ಗೇರ್‌ಬಾಕ್ಸಿಗೆ 75,000 ರೂಪಾಯಿ ಮತ್ತು ಎರಡು ದಿನ ಬೇಕೆಂದು ಭಾವಿಸೋಣ. ಖರ್ಚು ಕಳೆದು ದಿನಕ್ಕೆ 3,000 ರೂಪಾಯಿ ಗಳಿಸುವ ಲಾರಿಗೆ ಮೊದಲನೆಯದರ ನಿಜವಾದ ವೆಚ್ಚ 70,000, ಎರಡನೆಯದರದು 81,000. ದಿನಕ್ಕೆ 5,000 ಗಳಿಸುವ ಲಾರಿಗಾದರೆ ಕ್ರಮವಾಗಿ 90,000 ಮತ್ತು 85,000. ಒಂದೇ ದೋಷ, ಒಂದೇ ದರ. ಆದರೂ ಇಬ್ಬರು ಮಾಲೀಕರಿಗೆ ಲಾಭದಾಯಕ ಮಾರ್ಗ ಬೇರೆ ಬೇರೆ.

ಸಾಮಾನ್ಯವಾಗಿ ಒಂದು ಬೇರಿಂಗ್ ಅಥವಾ ಒಂದು ರಿಂಗಿನ ದೋಷಕ್ಕೆ ಭಾಗಶಃ ದುರಸ್ತಿ ಸಾಕು. ಆದರೆ ಕೂಲಿಯ ಬಹುಭಾಗ ಇಳಿಸುವುದಕ್ಕೂ ಏರಿಸುವುದಕ್ಕೂ ಹೋಗುವುದರಿಂದ, ಬಿಚ್ಚಿದಾಗಲೇ ಸೀಲುಗಳನ್ನೂ ಸವೆದಿದ್ದರೆ ಕ್ಲಚ್ ಪ್ಲೇಟನ್ನೂ ಬದಲಾಯಿಸುವುದು ಮಿತವ್ಯಯವೇ ಆಗಿದೆ. ಹಲವು ಗೇರುಗಳ ಹಲ್ಲು, ಶಾಫ್ಟು, ಹೊರಕವಚ ಎಲ್ಲವೂ ಹಾಳಾಗಿದ್ದರೆ ದುರಸ್ತಿಗೆ ಹಣ ಸುರಿಯುವುದು ವ್ಯರ್ಥ. ಸವೆದ ಗೇರಿನ ಜೊತೆಗೆ ಕೂಡಿ ತಿರುಗುವ ಗೇರನ್ನು ಹಳೆಯದನ್ನೇ ಉಳಿಸಿಕೊಂಡರೆ ಹೊಸ ಹಲ್ಲೂ ಬೇಗ ಸವೆಯುತ್ತದೆ ಎಂಬುದನ್ನು ಮರೆಯಲಾಗದು.

ದೆಹಲಿಯ ಮಾಯಾಪುರಿ, ಚೆನ್ನೈನ ಪುದುಪೇಟೆ ಮೊದಲಾದೆಡೆ ಹಳೆಯ ಬಿಡಿಭಾಗಗಳ ದೊಡ್ಡ ಮಾರುಕಟ್ಟೆಗಳಿವೆ. ಅಲ್ಲಿ ಕೊಳ್ಳುವವರು ರಸೀದಿ ಇಲ್ಲದ ಮಾಲನ್ನು ಮುಟ್ಟದಿರುವುದು ಲೇಸು; ಅದು ಕಳವಿನದಾಗಿದ್ದರೆ ಕೊಂಡವರೂ ತೊಂದರೆಗೆ ಸಿಲುಕುತ್ತಾರೆ. ಮಾದರಿ ಸಂಖ್ಯೆ ಹೊಂದುವುದೇ ಎಂದು ನೋಡುವುದು ಮುಖ್ಯ. ಹೊರನೋಟಕ್ಕೆ ಒಂದೇ ಆಗಿದ್ದರೂ ಗೇರುಗಳ ಅನುಪಾತ ಬೇರೆಯಾಗಿದ್ದರೆ ಏರಿನಲ್ಲಿ ಎಳೆಯುವ ಶಕ್ತಿಯೂ ಡೀಸೆಲ್ ಖರ್ಚೂ ವ್ಯತ್ಯಾಸವಾಗುತ್ತವೆ. ತಯಾರಕರ ವಿವರಣೆಯಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಕಲಮು ನಿರ್ಬಂಧಿಸುತ್ತದೆ. ಸಾಮಾನ್ಯ ಮೋಟಾರು ವಿಮೆಯಲ್ಲಿ ಸವೆತದಿಂದಾದ ಯಾಂತ್ರಿಕ ದೋಷಕ್ಕೆ ಪರಿಹಾರವಿಲ್ಲ.

ಲಾರಿಯ ವಯಸ್ಸೂ ಗಣನೆಗೆ ಬರಬೇಕು. ದೆಹಲಿ ಮತ್ತು ಸುತ್ತಲಿನ ಪ್ರದೇಶದಲ್ಲಿ 10 ವರ್ಷ ಮೀರಿದ ಡೀಸೆಲ್ ವಾಹನಗಳ ವಿರುದ್ಧ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2015ರಲ್ಲಿ ಆದೇಶ ಹೊರಡಿಸಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಬಳಿಕ ಈ ವಿಷಯದಲ್ಲಿ ಮಾರ್ಪಾಡುಗಳೂ ಆಗಿರುವುದರಿಂದ ಆ ಭಾಗದ ಮಾಲೀಕರು ಹಳೆಯ ಲಾರಿಗೆ ಹೊಸ ಗೇರ್‌ಬಾಕ್ಸ್ ಕೊಳ್ಳುವ ಮುನ್ನ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಒಳಿತು. ಇನ್ನೆರಡು ವರ್ಷದಲ್ಲಿ ಮಾರಬೇಕಾದ ವಾಹನಕ್ಕೆ ಹಾಕಿದ ದುಬಾರಿ ಗೇರ್‌ಬಾಕ್ಸಿನ ಹಣ ಮಾರಾಟದ ಬೆಲೆಯಲ್ಲಿ ಪೂರ್ತಿಯಾಗಿ ಮರಳುವುದು ಅಪರೂಪ.

ಕೆಲಸ ಒಪ್ಪಿಸುವಾಗ ಬದಲಾಯಿಸುವ ಭಾಗಗಳ ಪಟ್ಟಿ, ಕೂಲಿ, ಮುಗಿಸುವ ದಿನ ಮತ್ತು ಖಾತರಿಯ ಅವಧಿಯನ್ನು ಬರವಣಿಗೆಯಲ್ಲಿ ಪಡೆಯಬೇಕು. ತೆಗೆದ ಹಳೆಯ ಭಾಗಗಳನ್ನು ಕೇಳಿ ನೋಡಬೇಕು. ಕೈಪಿಡಿಯಲ್ಲಿ ಸೂಚಿಸಿದ ದರ್ಜೆಯ ಎಣ್ಣೆಯನ್ನೇ ತುಂಬಿಸಬೇಕು. ಡಿಫರೆನ್ಷಿಯಲ್ಲಿಗೆಂದು ತಯಾರಾದ ಕೆಲವು ಎಣ್ಣೆಗಳು ಹಿತ್ತಾಳೆಯ ರಿಂಗುಗಳಿಗೆ ಹಾನಿಕರ. ವಾಹನವನ್ನು ಪಡೆಯುವ ಮೊದಲು ಭಾರ ಹೇರಿ, ಸಾಧ್ಯವಾದರೆ ಒಂದು ಏರು ಹತ್ತಿಸಿ, ಎಲ್ಲ ಗೇರುಗಳಲ್ಲೂ ಓಡಿಸಿ ನೋಡತಕ್ಕದ್ದು.